ಕೋಟಿಗೆ ಒಂಬತ್ತು ಕಡಿಮೆ

ರೊಸೀನಳನ್ನು ಸೋಮವಾರ ಮಧ್ಯಾಹ್ನದ ರೈಲಿಗೆ ಕೆಳಗಿನ ಪಟ್ಟಣದ ಜೈಲಿಗೆ ಸಾಗಿಸುತ್ತಾರೆ ಎಂಬ ಸುದ್ದಿ ಅರ್ಮಾನ್ ವೂಗಾನಿಗೆ ಭಾನುವಾರ ಬೆಳಿಗ್ಗೆ ಚರ್ಚಿನ ಬಾಗಿಲಲ್ಲೇ ಸಿಕ್ಕಿತು. ಅವನು ಒಳಗೆ ಹೋಗಲಿಲ್ಲ. ತೆಗೆದ ಟೋಪಿಯನ್ನು ಮತ್ತೆ ತಲೆಗೆ ಹಾಕಿಕೊಂಡು, ಹೆಪ್ಪುಗಟ್ಟಿದ ಹಿಮದ ಮೇಲೆ ಜಾರುತ್ತ, ತಡವರಿಸುತ್ತ, ಝೆಲಿ ಗಿನಾನಳ ಅಡುಗೆಮನೆಗೆ ಬಂದು ನಿಂತ.

"ಬಾಗಿಲು ಹಾಕಿ ಪೋಸ್ಟಣ್ಣ. ಜೂರಾ ಬೆಟ್ಟದ ಚಳಿಯೆಲ್ಲ ನಿಮ್ಮ ಹಿಂದೇನೇ ಬರ್ತಿದೆ," ಎಂದಳು ಝೆಲಿ, ಒಲೆಯ ಮುಂದೆ ಕೂತು ಹಿತ್ತಾಳೆ ಪಾತ್ರೆ ಉಜ್ಜುತ್ತ.

ಊರಿನ ರೈಲು ನಿಲ್ದಾಣದಲ್ಲಿ ಊಟದ ಮನೆ ನಡೆಸಿ ಮುದುಕಿಯಾದ ಹೆಂಗಸು ಆಕೆ. ಬಂದವರ ಬೂಟು, ಕೈ, ಕಣ್ಣು ನೋಡಿಯೇ ಯಾರು ಬಿಲ್ಲು ಕೊಡದೆ ಓಡುತ್ತಾರೆ ಎಂದು ಹೇಳುತ್ತಿದ್ದವಳು. ಈಗ ಊರಿನಲ್ಲಿ ಏನೇ ಕಳೆಯಲಿ, ಯಾರೇ ಸುಳ್ಳು ಹೇಳಲಿ, ಜನ ಪೊಲೀಸರಿಗಿಂತ ಮೊದಲು ಈ ಅಡುಗೆಮನೆಯ ಬಾಗಿಲು ತಟ್ಟುತ್ತಿದ್ದರು. ನಿವೃತ್ತ ಅಂಚೆಯವನಾದ ವೂಗಾ ಅವಳ ಮಹಡಿಯ ಬಾಡಿಗೆದಾರ; ಅವಳು ಕಂಡುಹಿಡಿದ ಒಂದೊಂದು ಗುಟ್ಟನ್ನೂ ತಾನೇ ಕಂಡುಹಿಡಿದಷ್ಟು ಹೆಮ್ಮೆಯಿಂದ ಹೇಳಿಕೊಳ್ಳುವವನು.

"ಆ ಹುಡುಗೀನ ನಾಳೆ ಒಯ್ತಾರಂತೆ ಮದಾಮ್. ಕೊಲೆ ಕೇಸು! ಒಂದ್ಸಲ ಕೆಳಗೆ ಹೋದ್ಮೇಲೆ ದಿಕ್ಕಿಲ್ಲದ ಹುಡುಗಿ ಮಾತು ಯಾರು ಕೇಳ್ತಾರೆ?"

ಝೆಲಿ ಪಾತ್ರೆ ಕೆಳಗಿಟ್ಟಳು. "ನಿಮಗೆ ಗೊತ್ತಿರೋದನ್ನ ಮೊದಲಿಂದ ಹೇಳಿ. ಗೊತ್ತಿಲ್ಲದ್ದನ್ನ ಸೇರಿಸ್ಬೇಡಿ."

ಗೊತ್ತಿದ್ದದ್ದು ಇಷ್ಟು. ಊರಿನ ಚರ್ಚಿನ ಗೋಪುರಕ್ಕೆ ದೊಡ್ಡ ಗಡಿಯಾರ ಮಾಡಿಸಲು ಪುರಸಭೆ ತೀರ್ಮಾನಿಸಿತ್ತು. ಅದರಲ್ಲಿ ನಕ್ಷತ್ರಚಕ್ರ ಎಂಬ ಒಂದು ಚಕ್ರ ಇರಬೇಕು. ಇಡೀ ಆಕಾಶ ನಿಧಾನವಾಗಿ ಜರುಗಿ ಒಂದು ಸುತ್ತು ಮುಗಿಸಲು ಸುಮಾರು ಇಪ್ಪತ್ತಾರು ಸಾವಿರ ವರ್ಷ ಬೇಕಂತೆ. ಆ ಚಕ್ರವೂ ಅಷ್ಟೇ ನಿಧಾನವಾಗಿ ಒಂದು ಸುತ್ತು ತಿರುಗಬೇಕು. ಅದನ್ನು ತಿರುಗಿಸುವ ನಾಲ್ಕು ಹಲ್ಲಿನ ಚಕ್ರಗಳ ಮಾದರಿಯನ್ನು ಪೆಟ್ಟಿಗೆಯಲ್ಲಿಟ್ಟು, ಅರಗಿನ ಮುದ್ರೆ ಒತ್ತಿ, ಶನಿವಾರ ಸಂಜೆಯೊಳಗೆ ಒಪ್ಪಿಸಬೇಕಿತ್ತು. ಯಾರದು ಸರಿಯೋ ಅವರಿಗೆ ಗಡಿಯಾರದ ಕೆಲಸ. ಸ್ಪರ್ಧೆಯಲ್ಲಿದ್ದವರು ಮೂವರು: ಮುದಿ ಕುಶಲಿ ಸೆಲೆಸ್ತಾನ್ ಮೊಮರಿ, ಅವನ ಬದ್ಧವೈರಿ ಯುಲಿಸ್ ಪೆರಗೋ, ಮತ್ತು ಮೊಮರಿಯ ಹಳೆಯ ಶಿಷ್ಯ ಅಲ್ಸೀದ್ ಬೆಸೋನ್.

ಗುರುವಾರ ಊರೆಲ್ಲ ಊಟಕ್ಕೆ ಕೂತಿದ್ದ ಹೊತ್ತಿನಲ್ಲಿ ಮೊಮರಿ ತನ್ನ ಕೆಲಸದ ಕೋಣೆಯಲ್ಲಿ ಸತ್ತುಬಿದ್ದಿದ್ದ. ಅಂಗಿಯ ಕಾಲರು ಹರಿದಿತ್ತು. ತಲೆಯ ಹಿಂಭಾಗ, ಲೋಹದ ತುಂಡು ಕಚ್ಚಿ ಹಿಡಿಯಲು ಮೇಜಿಗೆ ಬಿಗಿದ ಕಬ್ಬಿಣದ ವೈಸಿಗೆ ಬಡಿದಿತ್ತು. ಯಾರೋ ಹಿಡಿದು ತಳ್ಳಿದ್ದರು. ಹೆಣ ನೋಡಿ ಕಿರುಚಿದವಳು ರೊಸೀನ್, ಮೊಮರಿ ಚಿಕ್ಕಂದಿನಿಂದ ಸಾಕಿ ಕಸುಬು ಕಲಿಸಿದ ಹುಡುಗಿ. ಆ ಬೆಳಿಗ್ಗೆ ಇಬ್ಬರೂ ಜೋರಾಗಿ ಜಗಳವಾಡಿದ್ದನ್ನು ಅಕ್ಕಪಕ್ಕದವರು ಕೇಳಿದ್ದರು. ಶನಿವಾರ ಪೊಲೀಸ್ ಅಧಿಕಾರಿ ಜುನೋ ಮನೆ ಹುಡುಕಿದಾಗ, ಕಾಣೆಯಾಗಿದ್ದ ಮೊಮರಿಯ ಪೆಟ್ಟಿಗೆ ಅವಳ ಮಂಚದ ಕೆಳಗೇ ಸಿಕ್ಕಿತು.

"ಜುನೋಗೆ ಅಷ್ಟು ಸಾಕು," ಎಂದಳು ಝೆಲಿ, ಶಾಲು ಹೊದ್ದುಕೊಳ್ಳುತ್ತ. "ನನಗೆ ಸಾಲದು. ಆ ಕಾಫಿ ಪಾತ್ರೆ ತಗೊಳ್ಳಿ, ಚೆಲ್ಲಬೇಡಿ."

*

ಪುರಸಭೆಯ ನೆಲಮಾಳಿಗೆಯಲ್ಲಿ ರೊಸೀನ್ ಬೆಂಚಿನ ತುದಿಯಲ್ಲಿ ಕೂತಿದ್ದಳು. ಅವಳು ಕಾಫಿ ಬಟ್ಟಲನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದಳು; ನೋಡಲಾರದೆ ವೂಗಾ ಗೋಡೆಯ ಕಡೆ ತಿರುಗಿದ.

"ಜಗಳ ಯಾಕಾಯ್ತಮ್ಮ?" ಎಂದಳು ಝೆಲಿ.

"ಪೆಟ್ಟಿಗೆ ಮೇಲೆ ನನ್ನ ಹೆಸರೂ ಹಾಕ್ತೀನಿ ಅಂದ್ರು ಯಜಮಾನ್ರು. ಬೇಡ ಅಂದೆ. ಅವರಿಗೆ ಸಿಟ್ಟು ಬಂತು, ನನಗೂ ಬಂತು. ಕೊನೇ ಮಾತೇ ಅದು ಮದಾಮ್…" ಅವಳು ಸಾವರಿಸಿಕೊಂಡಳು. "ಪೆಟ್ಟಿಗೆ ಮಂಚದ ಕೆಳಗೆ ಇಡು ಅಂದವರೂ ಅವರೇ. ಯಾರೋ ಕಿಟಕೀಲಿ ಇಣುಕ್ತಾರೆ ಅಂತ ಅನುಮಾನ ಇತ್ತು ಅವರಿಗೆ. ಅದಕ್ಕೇ ಲೆಕ್ಕದ ಕಪ್ಪು ಹಲಗೆ ಮೇಲೆ ಎರೆ ಹಾಕ್ತಿದ್ರು."

"ಎರೆ?"

"ಮೀನಿಗೆ ಹಾಕೋ ಹಾಗೆ. ನಮ್ಮ ಕಸುಬಲ್ಲಿ ಸಂಖ್ಯೆ ಮೂರು ಜಾತಿ ಮದಾಮ್. ಹಸನು, ಗಂಟು, ಮೊಂಡು. ದಿನಕ್ಕೆ ಒಂದು ಹಲ್ಲು ಮುಂದೆ ಹೋಗುತ್ತೆ ಮೊದಲನೇ ಚಕ್ರ. ಅದು ಒಂದು ಸುತ್ತು ಮುಗಿಸಿದ್ರೆ ಎರಡನೇದು ಒಂದು ಹಲ್ಲು. ಹಾಗೇ ನಾಲ್ಕೂ. ನಾಲ್ಕು ಚಕ್ರದ ಹಲ್ಲು ಗುಣಿಸಿದ್ರೆ ಎಷ್ಟು ಬರುತ್ತೋ ಅಷ್ಟು ದಿನಕ್ಕೆ ನಕ್ಷತ್ರಚಕ್ರ ಒಂದು ಸುತ್ತು. ಹಾಗಾಗಿ ನಮಗೆ ಬೇಕಾದ ದೊಡ್ಡ ಸಂಖ್ಯೆ ಸಣ್ಣ ಸಣ್ಣ ತುಂಡಾಗಿ ಒಡೀಬೇಕು. ಒಡೆದ್ರೆ ಹಸನು. ಒಡೆದ್ರೂ ಒಳಗೆ ದಪ್ಪ ತುಂಡೊಂದು ಉಳಿದ್ಬಿಟ್ರೆ ಗಂಟು. ಸಾವಿರ ಹಲ್ಲಿನ ಚಕ್ರ ಯಾರು ಕೊಯ್ತಾರೆ? ಯಾವುದರಿಂದ ಭಾಗಿಸಿದ್ರೂ ಒಡೀದೇ ಇದ್ರೆ ಅದು ಮೊಂಡು."

"ಶಾಲೆ ಮೇಷ್ಟ್ರು ಅವಿಭಾಜ್ಯ ಅಂತಾರಲ್ಲ, ಅದು," ಎಂದ ವೂಗಾ ಹೆಮ್ಮೆಯಿಂದ.

"ಅದೇ. ಯಜಮಾನ್ರು ಚಳಿಗಾಲದ ಸಂಜೆಯೆಲ್ಲ ಭಾಗಿಸ್ತಾ ಕೂತು ಮೊಂಡು ಹುಡುಕೋರು. ನಿಜವಾದ ಸಂಖ್ಯೆ ಎಲ್ಲೂ ಬರೀತಿರಲಿಲ್ಲ. ಹಲಗೆ ಮೇಲೆ ಮಾತ್ರ ಒಂದು ಮೊಂಡು ದಪ್ಪಗೆ ಬರೆದು ಕೆಳಗೆ ಎರಡು ಗೀಟು ಎಳೀತಿದ್ರು. ಕದ್ದವನು ಹಲ್ಲು ಮುರ್ಕೊಳ್ಳಲಿ ಅಂತ ನಗೋರು. ಗುರುವಾರ ಬೆಳಿಗ್ಗೆ ಹೊಸದು ಬರೆದ್ರು, ಅಲ್ಲೀವರೆಗೂ ಸಿಕ್ಕಿದ್ದರಲ್ಲೇ ದೊಡ್ಡದು. ನಾನು ರೊಟ್ಟಿ ತರೋಕೆ ಹೋಗಿ ಬಂದಾಗ…" ಅವಳು ಹಣೆ ಒತ್ತಿಕೊಂಡಳು. "ಹಲಗೆ ಒರೆಸಿತ್ತು ಮದಾಮ್. ಅವರು ಯಾವತ್ತೂ ಒರೆಸೋರಲ್ಲ. ಸಂಜೆ ನಾನೇ ಒರೆಸೋದು."

"ಆ ಸಂಖ್ಯೆ ನಿನಗೆ ನೆನಪಿದೆಯಾ?"

"ಇದೆ. ಅದು—"

"ಬಾಯಿ ಮುಚ್ಚು!" ಝೆಲಿಯ ಕೈ ಹುಡುಗಿಯ ತುಟಿಯ ಮೇಲಿತ್ತು. "ನನಗೂ ಹೇಳ್ಬೇಡ, ಇವರಿಗಂತೂ ಹೇಳಲೇಬೇಡ. ನಾಳೆ ನಾನು ಒಬ್ಬರನ್ನ ಕಳಿಸ್ತೀನಿ, ಅವರು ಕೇಳಿದ್ರೆ ಅವರಿಗೆ ಮಾತ್ರ ಹೇಳು."

ಹೊರಗೆ ಬಂದ ಮೇಲೆ ವೂಗಾನಿಗೆ ತಡೆಯಲಾಗಲಿಲ್ಲ. "ಇದ್ದದ್ದೊಂದು ಸುಳಿವು, ಅದನ್ನೂ ಕೇಳಲ್ಲ ಅಂದ್ರಲ್ಲ! ಬುದ್ಧಿ ನೆಟ್ಟಗಿದೆಯಾ ನಿಮಗೆ?"

"ನೀವು ಕೇಳಿಸ್ಕೊಂಡಿದ್ರೆ ಸಂಜೆಯೊಳಗೆ ಊರಿಗೆಲ್ಲ ಹಂಚಿರ್ತಿದ್ರಿ. ಎಷ್ಟಂದ್ರೂ ಅಂಚೆಯವರು," ಎಂದಳು ಝೆಲಿ, ನಡಿಗೆ ನಿಧಾನಿಸದೆ.

*

ಯುಲಿಸ್ ಪೆರಗೋ ಕೆಲಸದ ಮೇಜಿನಿಂದ ಏಳಲೂ ಇಲ್ಲ. ಅವನ ಬೆರಳ ಸಂದುಗಳಲ್ಲಿ ಹಿತ್ತಾಳೆಯ ಪುಡಿ ಇನ್ನೂ ಮಿನುಗುತ್ತಿತ್ತು.

"ಬಂದ್ರಾ ಬೇಹುಗಾರ್ತಿ? ಹೌದು, ಮುದುಕನನ್ನ ಕಂಡ್ರೆ ನನಗಾಗ್ತಿರಲಿಲ್ಲ. ಅವನಿಗೂ ನನ್ನ ಕಂಡ್ರೆ ಆಗ್ತಿರಲಿಲ್ಲ. ನಮ್ಮಿಬ್ಬರ ಮಧ್ಯೆ ಇದ್ದ ಒಂದೇ ಒಪ್ಪಂದ ಅದು!"

"ನಿಮ್ಮ ಚಕ್ರ ಯಾವಾಗ ಮುಗೀತು?"

"ಶನಿವಾರ ಪೆಟ್ಟಿಗೆ ಮುಚ್ಚೋ ಹೊತ್ತಿಗೆ. ಅರಗು ಆರೋ ಮುಂಚೆ ಓಡಿದೆ. ಕೊನೇ ಗಳಿಗೇಲಿ ಗಂಟು ಬಿತ್ತು ನೋಡಿ ಲೆಕ್ಕದಲ್ಲಿ."

"ಗಂಟು ಬಿದ್ರೆ, ಮೊಂಡು ಬಂದ್ರೆ, ಏನು ಮಾಡ್ತೀರಿ?"

ಪೆರಗೋ ಗೊಳ್ಳೆಂದು ನಕ್ಕ. "ಎಲ್ಲಾರೂ ಮಾಡೋದೇ. ಒಂದು ಕಳೀ, ಇಲ್ಲಾ ಒಂದು ಕೂಡು. ಪಕ್ಕದ ಮನೆ ಹಸನಾಗಿರುತ್ತೆ. ಇಪ್ಪತ್ತಾರು ಸಾವಿರ ವರ್ಷದಲ್ಲಿ ಒಂದು ದಿನ ಹೆಚ್ಚುಕಡಿಮೆ ಆದ್ರೆ ಯಾರು ಗೋರಿಯಿಂದ ಎದ್ದುಬಂದು ಕೇಳ್ತಾರೆ?"

ಬೆಸೋನನ ಮನೆಯಲ್ಲಿ ಬೇರೆಯೇ ಹವೆ. ಅವನು ಝೆಲಿಗೆ ಒಲೆಯ ಹತ್ತಿರದ ಕುರ್ಚಿ ಎಳೆದುಕೊಟ್ಟ, ಹೆಂಡತಿಗೆ ಸೂಪು ಬಡಿಸಲು ಹೇಳಿದ. ಕೆಲಸದ ಭೂತಗನ್ನಡಿ ಸಿಕ್ಕಿಸಿ ಸಿಕ್ಕಿಸಿ ಕೆಂಪಾದ ಅವನ ಕಣ್ಣಿನಲ್ಲಿ ನೀರಿತ್ತು.

"ನನ್ನ ಗುರು ಅವರು. ಲೋಹ ಉಜ್ಜೋ ಅರ ಹಿಡಿಯೋದು ಕಲಿಸಿದವರು. ಮೊದಲ ಹಿಮ ಬಿದ್ದಾಗಿಂದ ಅವರ ಬಾಗಿಲಿಗೆ ಹೋಗಿರಲಿಲ್ಲ, ಸ್ಪರ್ಧೇಲಿ ಇದ್ದೀನಲ್ಲ, ಸರಿಯಲ್ಲ ಅಂತ. ಒಂದ್ಸಲ ಹೋಗಿ ಮಾತಾಡಿಸಿದ್ರೆ ಆಗ್ತಿತ್ತು… ಆ ಹುಡುಗಿ ಮೇಲೂ ನನಗೆ ಸಿಟ್ಟಿಲ್ಲ ಮದಾಮ್. ಪಾಪ, ಮೂಗಿನ ತುದೀಲೇ ಕೋಪ ಅವಳಿಗೆ."

"ನಿಮ್ಮ ಚಕ್ರಗಳೂ ಕೊನೇ ಗಳಿಗೇಲೇ ಮುಗಿದ್ವಾ?"

"ಇಲ್ಲ ಮದಾಮ್. ಹದಿನೈದು ದಿನದ ಹಿಂದೆಯೇ ಮುಗಿಸಿ, ಎಣ್ಣೆ ಕಾಗದದಲ್ಲಿ ಸುತ್ತಿ ಇಟ್ಟಿದ್ದೆ."

"ಯಾರಿಗಾದ್ರೂ ತೋರಿಸಿದ್ರಾ? ರೊಸೀನ್ ಏನಾದ್ರೂ ಬಂದು ನೋಡಿದ್ಲಾ?"

"ರೊಸೀನಾ? ಅವಳು ಈ ಕಡೆ ತಲೆ ಹಾಕಿ ಎಷ್ಟು ದಿನ ಆಯ್ತೋ. ಅರಗು ಒತ್ತೋವರೆಗೂ ನನ್ನ ಹೆಂಡತಿಗೇ ತೋರಿಸಿಲ್ಲ," ಎಂದು ಬೆಸೋನ್ ನಾಚಿ ನಕ್ಕ.

ಒಳ್ಳೆಯ ಮನುಷ್ಯ ಎಂದುಕೊಂಡು ವೂಗಾ ಎರಡನೇ ಬಟ್ಟಲು ಸೂಪು ಕುಡಿದ. ಝೆಲಿ ತನ್ನದನ್ನು ಮುಟ್ಟಿರಲಿಲ್ಲ.

*

ಸೋಮವಾರ ಬೆಳಿಗ್ಗೆ ಪುರಸಭೆಯ ಸಭಾಂಗಣದಲ್ಲಿ ಉದ್ದ ಮೇಜಿನ ಮೇಲೆ ಮೂರು ಪೆಟ್ಟಿಗೆಗಳಿದ್ದವು. ಜುನೋಗೆ ಸಿಕ್ಕಿದ್ದ ಮೊಮರಿಯದೂ ಸೇರಿ, ಶನಿವಾರದಿಂದ ಅವು ಸ್ಪರ್ಧೆಯ ತೀರ್ಪುಗಾರರಾದ ಶಾಲೆಯ ಮೇಷ್ಟ್ರು ರೊಸ್ಸೆಲೆಯವರ ಬೀರುವಿನಲ್ಲಿ ಬೀಗದೊಳಗಿದ್ದವು. ಪೆರಗೋ ಕಾಲು ಚಾಚಿ ಕೂತಿದ್ದ. ಬೆಸೋನ್ ಟೋಪಿಯನ್ನು ಮಡಿಲಲ್ಲಿಟ್ಟುಕೊಂಡಿದ್ದ. ಹೊರಗೆ ಜಾರುಬಂಡಿಯ ಕುದುರೆ ಗಂಟೆ ಅಲ್ಲಾಡಿಸುತ್ತಿತ್ತು. ರೊಸೀನಳನ್ನು ನಿಲ್ದಾಣಕ್ಕೆ ಒಯ್ಯಲು ಬಂದದ್ದು ಅದು. ಗಂಟೆಯ ಸದ್ದಾದಾಗಲೆಲ್ಲ ವೂಗಾ ಕಿಟಕಿಯ ಕಡೆ ತಿರುಗಿ ನೋಡುತ್ತಿದ್ದ.

"ರೈಲು ನನಗೋಸ್ಕರ ಕಾಯಲ್ಲ ಮದಾಮ್," ಎಂದ ಅಧಿಕಾರಿ ಜುನೋ.

"ಆ ರೈಲಿಗೆ ಎಷ್ಟು ವರ್ಷ ಕಾಫಿ ಕಾಯಿಸಿದೀನಿ ಸಾಹೇಬ್ರೆ, ನಿಮಗಿಂತ ಚೆನ್ನಾಗಿ ಗೊತ್ತು ನನಗೆ. ಒಂದು ಉಪಕಾರ ಮಾಡಿ. ಕೆಳಗೆ ಹೋಗಿ, ಗುರುವಾರ ಬೆಳಿಗ್ಗೆ ಹಲಗೆ ಮೇಲೆ ಏನು ಬರೆದಿತ್ತು ಅಂತ ರೊಸೀನ್‌ನ ಕೇಳಿ. ನೀವೊಬ್ರೇ. ಕೇಳಿಸ್ಕೊಂಡು ಬಂದು ಸುಮ್ನೆ ಕೂತ್ಕೊಳ್ಳಿ, ನಾನು ಕೇಳೋವರೆಗೂ ಬಾಯಿ ಬಿಡ್ಬೇಡಿ."

ಜುನೋ ಗೊಣಗಿಕೊಂಡೇ ಹೋದ, ಗೊಣಗಿಕೊಂಡೇ ಬಂದ. ಅಷ್ಟಾದ ಮೇಲೆ ಮೇಷ್ಟ್ರು ಒಂದೊಂದೇ ಪೆಟ್ಟಿಗೆಯ ಅರಗು ಒಡೆದರು. ಮೊದಲು ಮೊಮರಿಯದು. ಚಕ್ರಗಳು ಜೇನಿನ ಬಣ್ಣಕ್ಕೆ ತಿರುಗಿದ್ದವು. ಮೇಷ್ಟ್ರು ಹಲ್ಲು ಎಣಿಸಿದರು, ವೂಗಾ ಇನ್ನೊಮ್ಮೆ ಎಣಿಸಿದ, ಸೀಮೆಸುಣ್ಣ ಕಿರುಗುಟ್ಟಿತು.

"ತೊಂಬತ್ತನಾಲ್ಕು ಲಕ್ಷದ ಮೂವತ್ತನಾಲ್ಕು ಸಾವಿರ ಚಿಲ್ಲರೆ ದಿನ," ಎಂದರು ಮೇಷ್ಟ್ರು. "ಇಪ್ಪತ್ತಾರು ಸಾವಿರ ವರ್ಷಕ್ಕೆ ಸ್ವಲ್ಪ ಕಡಿಮೆ. ಬಹಳ ಚೆನ್ನಾಗಿದೆ."

ಪೆರಗೋನ ಚಕ್ರಗಳು ಹೊಸ ನಾಣ್ಯದಂತೆ ಹೊಳೆಯುತ್ತಿದ್ದವು. ಗುಣಿಸಿದಾಗ ಅದೂ ತೊಂಬತ್ತನಾಲ್ಕು ಲಕ್ಷದ ಮೇಲೆ, ಹತ್ತೊಂಬತ್ತು ಸಾವಿರ ಚಿಲ್ಲರೆ.

"ಮುದುಕನಿಗೂ ನನಗೂ ಲೆಕ್ಕದಲ್ಲಾದ್ರೂ ನೆಂಟಸ್ತನ ಇತ್ತು," ಎಂದ ಪೆರಗೋ.

ಬೆಸೋನನ ಚಕ್ರಗಳು. ಐವತ್ತನಾಲ್ಕು ಹಲ್ಲು. ಐವತ್ತೈದು. ತೊಂಬತ್ತೊಂದು. ಮೂವತ್ತೇಳು. ಮೇಷ್ಟ್ರು ಗುಣಿಸಿದರು, ಹುಬ್ಬು ಗಂಟಿಕ್ಕಿ ಮತ್ತೊಮ್ಮೆ ಗುಣಿಸಿದರು.

"ವಿಚಿತ್ರ. ತೊಂಬತ್ತೊಂಬತ್ತು ಲಕ್ಷದ ತೊಂಬತ್ತೊಂಬತ್ತು ಸಾವಿರದ ಒಂಬೈನೂರ ತೊಂಬತ್ತು. ಕೋಟಿಗೆ ಹತ್ತು ಕಡಿಮೆ! ಅಲ್ಸೀದ್, ಇದು ಇಪ್ಪತ್ತೇಳು ಸಾವಿರ ವರ್ಷ ದಾಟುತ್ತಲ್ಲಯ್ಯ. ಎಲ್ಲಿಂದ ತಂದೆ ಇದನ್ನ?"

ಕುರ್ಚಿ ಕಿರ್ರೆಂದಿತು. ಜುನೋ ಎದ್ದು ನಿಂತಿದ್ದ.

"ಈಗ ಹೇಳಿ ಸಾಹೇಬ್ರೆ," ಎಂದಳು ಝೆಲಿ. "ಹುಡುಗಿ ಹೇಳಿದ್ದೇನು?"

"ಕೋಟಿಗೆ ಒಂಬತ್ತು ಕಡಿಮೆ," ಎಂದ ಜುನೋ.

ಝೆಲಿ ಎದ್ದು, ಬೆಸೋನನ ಒಂದು ಚಕ್ರವನ್ನು ಕಿಟಕಿಯ ಬೆಳಕಿಗೆ ಹಿಡಿದಳು.

"ನನಗೆ ಲೆಕ್ಕ ಬರಲ್ಲ. ಜನ ಹೇಗೆ ಕೆಲಸ ಮಾಡ್ತಾರೆ ಅನ್ನೋದು ಮಾತ್ರ ಗೊತ್ತು. ಹಲಗೆ ಒರೆಸಿತ್ತು ಅಂತ ರೊಸೀನ್ ಹೇಳಿದಾಗಲೇ ಯೋಚನೆ ಬಂತು. ಮೊಮರಿ ಒರೆಸೋರಲ್ಲ. ಹುಡುಗಿಗೆ ಒರೆಸೋ ಅಗತ್ಯ ಇಲ್ಲ, ಅದು ಸುಳ್ಳು ಸಂಖ್ಯೆ ಅಂತ ಅವಳಿಗೆ ಗೊತ್ತು. ಅದು ನಿಜ ಅಂತ ನಂಬಿ, ತನ್ನ ಬಿಟ್ಟು ಇನ್ನೊಬ್ಬರಿಗೆ ಸಿಗಬಾರದು ಅಂದ್ಕೊಂಡವನೇ ಒರೆಸಿದ್ದು. ಅಂದ್ರೆ ಕೊಂದವನು ಆ ಸಂಖ್ಯೇನ ಕೊಂಡೊಯ್ದಿದಾನೆ. ಅದಕ್ಕೇ ನಾನು ಅದನ್ನ ಕೇಳ್ಲಿಲ್ಲ ಪೋಸ್ಟಣ್ಣ. ನಾನು ಕೇಳಿದ್ರೆ, ಮುದುಕಿ ಹೇಳ್ಕೊಟ್ಟಳು ಅಂತಿದ್ರು."

"ಆದ್ರೆ ಹತ್ತಲ್ಲ, ಒಂಬತ್ತು!" ಎಂದ ಬೆಸೋನ್. ಅವನ ದನಿ ಮೆತ್ತಗೇ ಇತ್ತು. "ಎರಡೂ ಬೇರೆ ಬೇರೆ ಸಂಖ್ಯೆ ಮದಾಮ್."

"ಬೇರೆಯೇ. ಒಂಬತ್ತು ಕಡಿಮೆ ಇರೋದು ಮೊಂಡು. ಅದಕ್ಕೆ ಚಕ್ರ ಕೊಯ್ಯೋಕೆ ಆಗಲ್ಲ. ಕದ್ದು ಮನೆಗೆ ತಂದು, ಭಾಗಿಸಿ ಭಾಗಿಸಿ ಸೋತವನು ಏನು ಮಾಡ್ತಾನೆ? ಕಸುಬು ಗೊತ್ತಿಲ್ಲದ ಕಳ್ಳ ಬಿಸಾಕ್ತಾನೆ. ಕಸುಬಿನವನು ಕೈ ಅಭ್ಯಾಸ ಬಿಡಲ್ಲ: ಒಂದು ಕಳೀತಾನೆ. ಪೆರಗೋ ನನಗೆ ನಿನ್ನೆಯೇ ಹೇಳಿದ್ರು, ಎಲ್ಲಾರೂ ಹಾಗೇ ಮಾಡ್ತಾರೆ ಅಂತ. ಒಂದು ಕಳೆದ ಕೂಡಲೇ ಬೆಣ್ಣೆ ಹಾಗೆ ತುಂಡಾಯ್ತು, ಅಲ್ವಾ?"

"ಕಾಕತಾಳೀಯ ಆಗಿರಬಹುದು. ನನ್ನ ಲೆಕ್ಕವೇ ತಪ್ಪಿ ಅಲ್ಲಿಗೆ ಬಂದಿರಬಹುದು."

"ಎಷ್ಟೋ ಲಕ್ಷ ದಿನ ತಪ್ಪಿ, ಸರಿಯಾಗಿ ಮೊಮರಿ ಎರೆ ಪಕ್ಕಕ್ಕೇ ಬಂದು ಕೂತಿತಾ? ಸರಿ, ಹಾಗೇ ಅಂದ್ಕೊಳ್ಳೋಣ. ಈ ಚಕ್ರಗಳು ಹದಿನೈದು ದಿನದ ಹಿಂದೆ ಮುಗಿದಿದ್ವು ಅಂದ್ರಿ. ನಾನು ಹಿತ್ತಾಳೆ ಉಜ್ಜಿ ಉಜ್ಜಿ ಮುದುಕಿ ಆದವಳು. ಮೊಮರಿ ಚಕ್ರ ನೋಡಿ, ಎಷ್ಟೋ ದಿನದ ಹಿಂದೆ ಕೊಯ್ದದ್ದು, ಮಾಸಿ ಜೇನಿನ ಬಣ್ಣ. ಪೆರಗೋದು ಶನಿವಾರದ್ದು, ಫಳಫಳ. ನಿಮ್ಮದೂ ಫಳಫಳ. ಹಲ್ಲಿನ ಬುಡದಲ್ಲಿ ಅರದ ಪುಡಿ ಇನ್ನೂ ಇದೆ. ಮೊದಲ ಹಿಮದಿಂದ ಅವರ ಬಾಗಿಲಿಗೆ ಹೋಗಿಲ್ಲ ಅಂದ್ರಿ. ಆದ್ರೆ ಆ ಸಂಖ್ಯೆ ಹಲಗೆ ಮೇಲೆ ಬಂದಿದ್ದು ಗುರುವಾರ ಬೆಳಿಗ್ಗೆ, ಹೋಗಿದ್ದು ಗುರುವಾರ ಮಧ್ಯಾಹ್ನ. ಆ ಎರಡರ ಮಧ್ಯೆ ಅಲ್ಲಿದ್ದವರಿಗೆ ಮಾತ್ರ ಗೊತ್ತು. ರೊಸೀನ್ ನಿಮ್ಮ ಚಕ್ರ ನೋಡಿಲ್ಲ, ನೀವೇ ಹೇಳಿದ್ದು. ಹಾಗಿದ್ರೆ ಅವಳ ಬಾಯಲ್ಲಿ ನಿಮ್ಮ ಪಕ್ಕದ ಸಂಖ್ಯೆ ಹೇಗೆ ಬಂತು ಅಲ್ಸೀದ್?"

ಬೆಸೋನ್ ಟೋಪಿಯ ಅಂಚನ್ನು ಸುತ್ತಿಸುತ್ತಲೇ ಇದ್ದ, ಒಂದೇ ವೇಗದಲ್ಲಿ, ಅವನೇ ಕೊಯ್ದ ಚಕ್ರದ ಹಾಗೆ. ಆಮೇಲೆ ಬೆರಳು ನಿಂತವು.

"ಹದಿನೈದು ದಿನದ ಹಿಂದೆ ಮುಗಿಸಿದ್ದು ಸುಳ್ಳಲ್ಲ ಮದಾಮ್," ಎಂದ ಅವನು. "ಅವು ಬೇರೆ ಚಕ್ರ. ನನ್ನ ಮೇಜಿನ ಖಾನೇಲಿ ಇವೆ. ತೊಂಬತ್ತನಾಲ್ಕು ಲಕ್ಷದ ಇಪ್ಪತ್ತೈದು ಸಾವಿರ ಚಿಲ್ಲರೆ."

ಮೇಷ್ಟ್ರ ಕೈಯಿಂದ ಸೀಮೆಸುಣ್ಣ ಬಿತ್ತು. "ಅಯ್ಯೋ, ಅದು ಸರಿಯಾಗೇ ಇತ್ತಲ್ಲೋ!"

"ನನಗೆ ಧೈರ್ಯ ಬರಲಿಲ್ಲ. ಒಂದ್ಸಲ ಅವರದ್ದು ನೋಡಿ, ಹೋಲಿಸಿ, ಬಂದ್ಬಿಡೋಣ ಅಂತ ಹಿತ್ತಿಲಿಂದ ಹೋದೆ. ಊಟದ ಹೊತ್ತು, ಯಾರೂ ಇರಲ್ಲ ಅಂದ್ಕೊಂಡೆ. ಹಲಗೆ ನೋಡಿದ್ರೆ ಕೋಟಿ ಹತ್ರ. ಗುರುಗಳು ತಪ್ಪು ಮಾಡೋರಲ್ಲ, ನನ್ನದೇ ತಪ್ಪು ಅಂತ ಜೀವ ಹೋದ ಹಾಗಾಯ್ತು. ಅಷ್ಟರಲ್ಲಿ ಒಳಗಿಂದ ಬಂದ್ರು. ನಕ್ಕರು. 'ಇನ್ನೂ ನನ್ನ ಹಲಗೆ ನೋಡಿಯೇ ಬರೀತೀಯೇನೋ ಮಗನೇ' ಅಂದ್ರು. ಕಾಲರು ಹಿಡ್ಕೊಂಡೆ. ತಳ್ಳಿದ್ದು ಒಂದೇ ಸಲ." ಅವನು ಜುನೋನ ಕಡೆ ನೋಡಿದ. "ಹುಡುಗೀನ ಬಿಟ್ಬಿಡ್ತಾರೆ, ಸಾಕ್ಷಿ ಸಾಲಲ್ಲ ಅಂದ್ಕೊಂಡಿದ್ದೆ."

"ಜಾರುಬಂಡಿ ಬಂದು ನಿಂತಿತ್ತು. ಅಷ್ಟಾದ್ರೂ ಸುಮ್ಮನೆ ಕೂತಿದ್ರಿ," ಎಂದಳು ಝೆಲಿ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ವೂಗಾನಿಗೆ ಹೆಚ್ಚು ಭಯವಾಯಿತು.

ಮಧ್ಯಾಹ್ನದ ರೈಲಿಗೆ ಜಾರುಬಂಡಿ ಹೊರಟಿತು. ಅದರಲ್ಲಿ ಜುನೋನ ಪಕ್ಕ ಕೂತಿದ್ದವನು ಬೆಸೋನ್. ಪೆರಗೋ ಟೋಪಿ ಹಾಕಿಕೊಂಡು ಬಾಗಿಲ ತನಕ ಹೋದವನು ತಿರುಗಿ ನಿಂತ.

"ಮೇಷ್ಟ್ರೇ, ನನ್ನ ಪೆಟ್ಟಿಗೆ ವಾಪಸು ಕೊಡಿ. ಮುದುಕನ ಲೆಕ್ಕ ನನ್ನದಕ್ಕಿಂತ ಒಳ್ಳೇದು. ಗಡಿಯಾರ ಆ ಹುಡುಗಿ ಮಾಡ್ಲಿ. ನಾನು ಹೀಗಂದೆ ಅಂತ ಊರಲ್ಲಿ ಯಾರಾದ್ರೂ ಬಾಯಿ ಬಿಟ್ರೆ ನೋಡಿ!" ಎನ್ನುತ್ತ ಅವನು ವೂಗಾನನ್ನೇ ದುರುಗುಟ್ಟಿ ನೋಡಿದ.

ಸಂಜೆ ಝೆಲಿ ಮತ್ತು ವೂಗಾ ರೊಸೀನಳನ್ನು ಮೊಮರಿಯ ಮನೆಗೆ ಕರೆದುಕೊಂಡು ಹೋದರು. ಒಲೆ ಹೊತ್ತಿಸಿ, ನೆಲ ತೊಳೆದು, ಕಿಟಕಿಯ ಹಿಮ ಕೆರೆದರು. ಹುಡುಗಿ ಖಾಲಿ ಹಲಗೆಯ ಮುಂದೆ ನಿಂತು, ಸೀಮೆಸುಣ್ಣ ತೆಗೆದುಕೊಂಡು, ಸಾಲಾಗಿ ಆರು ಸಲ ಒಂಬತ್ತು ಬರೆದಳು. ಕೊನೆಯಲ್ಲಿ ಒಂದರ ಅಂಕೆ ಬರೆದು, ಕೆಳಗೆ ಯಜಮಾನರ ಹಾಗೆಯೇ ಎರಡು ಗೀಟು ಎಳೆದಳು.

"ಇದು ನಿಜವಾಗಿಯೂ ಒಡೆಯಲ್ವೇನಮ್ಮ?" ಎಂದು ಕೇಳಿದ ವೂಗಾ ಮೆಲ್ಲಗೆ.

"ನೀವೇ ಭಾಗಿಸಿ ನೋಡಿ," ಎಂದಳು ರೊಸೀನ್. ಅಷ್ಟು ದಿನಗಳಲ್ಲಿ ಮೊದಲ ಬಾರಿ ಅವಳ ತುಟಿಯಲ್ಲಿ ನಗು ಅಲುಗಿತು. "ಚಳಿಗಾಲ ಇನ್ನೂ ಉದ್ದ ಇದೆ."

ಅವಳು ಮೇಜು ಒರೆಸಿದಳು, ಅರಗಳನ್ನು ಜೋಡಿಸಿಟ್ಟಳು, ದೀಪ ತಗ್ಗಿಸಿದಳು. ಹಲಗೆಯನ್ನು ಮಾತ್ರ ಆ ಸಂಜೆ ಒರೆಸಲಿಲ್ಲ.